ಶನಿವಾರ ಕೊಲೋನ್ ಕೆಥೆಡ್ರಲ್ ಭೇಟಿ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 10 ಗಂಟೆಗೆ ಕೊಲೋನ್ ಮುಖ್ಯ ರೈಲು ನಿಲ್ದಾಣದ ಹೊರಗೆ ಸೇರೋಣ. ಕೆಥೆಡ್ರಲ್ (ದೊಡ್ಡ ಚರ್ಚ್) ಅಲ್ಲೇ ಪಕ್ಕದಲ್ಲಿದೆ.

ದಕ್ಷಿಣ ಗೋಪುರಕ್ಕೆ 533 ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿ ನೋವಿರುವವರು ಕೆಳಗೇ ಇರಿ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ನಿಲ್ದಾಣದ ಲಾಕರ್‌ನಲ್ಲಿಡಿ.

ಸುಮ್ನೆ ಫೋಟೋ ತೆಗೆದು ಬರಬೇಡಿ. 1248ರಲ್ಲಿ ಶುರುವಾದ ಕೆಲಸ 16ನೇ ಶತಮಾನದಲ್ಲಿ ನಿಂತೇ ಹೋಯಿತು. ಅರ್ಧ ಕಟ್ಟಿದ ಗೋಪುರದ ಮೇಲೆ ಮರದ ಕ್ರೇನ್ ಮುನ್ನೂರು ವರ್ಷ ಹಾಗೇ ಇತ್ತು! 1842ರಲ್ಲಿ ಮತ್ತೆ ಕೈಹಾಕಿ, ಮಧ್ಯಯುಗದ ನಕ್ಷೆಯನ್ನೇ ನೋಡಿ 1880ರಲ್ಲಿ ಮುಗಿಸಿದರು. ಅಷ್ಟು ತಲೆಮಾರುಗಳ ತಾಳ್ಮೆ ದೊಡ್ಡದು, ಅಲ್ವಾ? ಚರ್ಚ್‌ನ ಮುಖ್ಯ ಪೀಠದ ಹಿಂದಿರುವ, ಮಗು ಯೇಸುವನ್ನು ನೋಡಲು ಬಂದ ಮೂವರು ರಾಜರ ಅಸ್ಥಿ ಇದೆ ಎನ್ನುವ ಚಿನ್ನದ ಪೆಟ್ಟಿಗೆಯನ್ನೂ ತಪ್ಪದೆ ನೋಡಿ.

ಎಷ್ಟು ಜನ ಬರುತ್ತೀರಿ, ಗೋಪುರ ಹತ್ತುವವರು ಯಾರು ಅಂತ ಗುರುವಾರದೊಳಗೆ ಇಲ್ಲೇ ತಿಳಿಸಿ.