ಮುಖ್ಯಾಧಿಕಾರಿಗಳೇ, ಊರಿನ ಪುಸ್ತಕಗಳು ನಮ್ಮ ಮನೆ ಅಟ್ಟದ ಮೇಲಿವೆ, ಸ್ವೀಕೃತಿ ಕೊಟ್ಟು ತೆಗೆದುಕೊಂಡು ಹೋಗಿ

ನಮ್ಮ ಪುರಸಭೆಯ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಿಮ್ಮ ಕಚೇರಿಯ ನೋಟಿಸ್ ಕೈ ಸೇರಿದೆ. ಪುರಸಭೆಗೆ ಸೇರಿದ ದಾಖಲೆಗಳನ್ನು ಅನಧಿಕೃತವಾಗಿ ಇಟ್ಟುಕೊಂಡಿದ್ದೇನಂತೆ, ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕಂತೆ. ಕೊಡುತ್ತಿದ್ದೇನೆ. ನಿಮ್ಮ ಟಪಾಲು ಸೆಕ್ಷನ್‌ಗೆ ಹೋದ ಕಾಗದಗಳ ಗತಿ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತಿರುವುದರಿಂದ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಊರಿನ ಹೆಸರು, ನಿಮ್ಮ ಹೆಸರು ಎರಡೂ ಹಾಕಿಲ್ಲ. ಬೇರೆ ಊರಿನವರಿಗೆ ಇದು ತಮ್ಮೂರೇ ಅನ್ನಿಸಿದರೆ ನಾನೇನೂ ಮಾಡಲಾರೆ.

ನೀವು ಇಲ್ಲಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಹಾಗಾಗಿ ನಾನು ಯಾರು ಅಂತ ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡ್ ಹಿಂದೆ ಫೋಟೋ ಸ್ಟುಡಿಯೋ ಇಟ್ಟಿದ್ದೇನೆ, ಅಪ್ಪನ ಕಾಲದ್ದು. ಈಗ ಫೋಟೋಗಿಂತ ಜೆರಾಕ್ಸ್, ಲ್ಯಾಮಿನೇಷನ್ನೇ ಜಾಸ್ತಿ. ಹರಿದ ಹಳೇ ಫೋಟೋ ಸರಿ ಮಾಡಿಕೊಡಿ ಅಂತ ಜನ ತರುತ್ತಾರೆ. ನನಗೂ ಒಂದು ಕಾಪಿ ಇಟ್ಟುಕೊಳ್ಳಲಾ ಅಂತ ಕೇಳುವುದು ಹಾಗೇ ಶುರುವಾಯಿತು. ಆಮೇಲೆ ಜನರೇ ತರಲಾರಂಭಿಸಿದರು. ಟೆಂಟ್ ಸಿನಿಮಾದ ನೋಟಿಸು, ಸೋಡಾ ಫ್ಯಾಕ್ಟರಿಯ ಲೇಬಲ್ಲು, ಕೊಬ್ಬರಿ ಮಂಡಿಯ ಚೀಟಿ, ಸೀಮೆಎಣ್ಣೆ ಬರೆದ ರೇಷನ್ ಕಾರ್ಡು, ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ. ಒಬ್ಬರು ಅಜ್ಜನ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ತಂದಿದ್ದರು. 1957ರ ಏಪ್ರಿಲ್ ಒಂದನೇ ತಾರೀಖಿನಿಂದ ನಯಾ ಪೈಸೆ ಬಂತಲ್ಲ, ಆ ಅಜ್ಜ ಪಾಪ ಎಷ್ಟೋ ತಿಂಗಳು ಒಂದೇ ಬಾಕಿಯನ್ನು ಆಣೆಯಲ್ಲೂ ಬರೆದು ಪಕ್ಕದಲ್ಲೇ ಪೈಸೆಯಲ್ಲೂ ಬರೆದಿದ್ದಾರೆ. ಗಿರಾಕಿಗಳು ಜಗಳ ತೆಗೆಯುತ್ತಿದ್ದರಂತೆ.

ಇದನ್ನೆಲ್ಲ ಸ್ಕ್ಯಾನ್ ಮಾಡಿ, ಯಾರದು ಎಲ್ಲಿಯದು ಅಂತ ಬರೆದು, ಊರಿನವರ ವಾಟ್ಸಾಪ್ ಗುಂಪಿಗೆ ಮತ್ತು ಫೇಸ್‌ಬುಕ್ಕಿಗೆ ಹಾಕುತ್ತೇನೆ. ದುಬೈನಲ್ಲಿರುವ ಹುಡುಗ, ಅದು ನಮ್ಮ ದೊಡ್ಡಪ್ಪ ಕಣ್ರೀ, ಎಡದಿಂದ ಮೂರನೆಯವರು ಅಂತ ಬರೆಯುತ್ತಾನೆ. ಫೋಟೋದ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆದಿಡಿ, ಬಾಲ್ ಪೆನ್ ಬೇಡ, ಮುಂದಕ್ಕೆ ಒತ್ತುತ್ತದೆ ಅಂತ ಎಲ್ಲರಿಗೂ ಹೇಳುತ್ತೇನೆ. ಲ್ಯಾಮಿನೇಷನ್ ಮಾಡಿಸಬೇಡಿ ಅಂತಲೂ ಹೇಳುತ್ತೇನೆ. ಲ್ಯಾಮಿನೇಷನ್ ಮಾಡಿಯೇ ಹೊಟ್ಟೆ ಹೊರೆಯುವವನು ನಾನು.

ಜನರ ಮನೆಯಲ್ಲಿ ಇರುವುದು ಇಷ್ಟು. ಉಳಿದಿದ್ದೆಲ್ಲ ನಿಮ್ಮ ಹಳೇ ಕಟ್ಟಡದ ರೆಕಾರ್ಡ್ ರೂಮಿನಲ್ಲಿತ್ತು. ಇತ್ತು ಅಂತಲೇ ಬರೆಯಬೇಕಾಗಿದೆ.

ನೋಡಿ, ರಾಜರ ಇತಿಹಾಸಕ್ಕೆ ಕೊರತೆ ಇಲ್ಲ. ಬ್ರಿಟಿಷರ ಕಾಲದ ಅಧಿಕಾರಿ ಬಿ.ಎಲ್. ರೈಸ್ ಸಾಹೇಬರು 1886ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳನ್ನು ಶುರು ಮಾಡಿ ತಾಲ್ಲೂಕು ತಾಲ್ಲೂಕಿನ ಶಾಸನ ಬರೆಸಿ ಹೋದರು, ನಮ್ಮೂರಿನ ವೀರಗಲ್ಲೂ ಅದರಲ್ಲಿದೆ. ಸರ್ಕಾರ ಜಿಲ್ಲೆಯ ಮಾಹಿತಿ ಕೂಡಿಸಿ ತರುವ ಗೆಜೆಟಿಯರ್‌ನಲ್ಲಿ ನಮ್ಮಂಥ ಊರಿಗೆ ನಾಲ್ಕು ಸಾಲು. ಜನಸಂಖ್ಯೆ ಇಷ್ಟು, ಸಂತೆ ಇಂಥ ವಾರ, ಗುಡಿ ಒಂದು. ಮುಗಿಯಿತು. ಯಾವ ಬೀದಿಗೆ ನಲ್ಲಿ ಮೊದಲು ಬಂತು, ಯಾವ ಕೇರಿಗೆ ಕೊನೆಗೆ ಬಂತು, ಜಟಕಾ ಲೈಸೆನ್ಸ್ ಯಾರ್‍ಯಾರಿಗಿತ್ತು, ಬೀದಿ ದೀಪಕ್ಕಾಗಿ ಕೌನ್ಸಿಲ್‌ನಲ್ಲಿ ಯಾರು ಯಾರ ಮೇಲೆ ಕೂಗಾಡಿದರು, ಇವು ನಿಮ್ಮ ನಡಾವಳಿ ಪುಸ್ತಕ, ಕಂದಾಯದ ರಿಜಿಸ್ಟರ್ ಬಿಟ್ಟರೆ ಇನ್ನೆಲ್ಲೂ ಇಲ್ಲ. ಅದಕ್ಕೇ ಕೇಳಿದ್ದು. ಕೋಣೆ ತೆಗೆಯಿರಿ, ಪುಸ್ತಕ ಹೊರಗೆ ತೆಗೆದುಕೊಂಡು ಹೋಗುವುದಿಲ್ಲ, ಕ್ಯಾಮೆರಾ ಸ್ಟ್ಯಾಂಡ್ ನಾನೇ ತರುತ್ತೇನೆ, ಕರೆಂಟೂ ನಿಮ್ಮದು ಬೇಡ, ಬ್ಯಾಟರಿ ಇದೆ ಅಂತ.

ನಿಮಗಿಂತ ಹಿಂದಿನ ಸಾಹೇಬರು, ಅವರ ಹಿಂದಿನವರು, ಅವರ ಹಿಂದಿನ ಮೇಡಂ, ಎಲ್ಲರಿಗೂ ಕೇಳಿದ್ದೇನೆ. ಬೀಗದ ಕೈ ಇರುವವರು ರಜೆ. ಬೀಗದ ಕೈ ಇರುವವರು ಟ್ರಾನ್ಸ್‌ಫರ್. ಬೀಗಕ್ಕೆ ತುಕ್ಕು. ಎಲೆಕ್ಷನ್ ಮುಗಿಯಲಿ. ಸೆನ್ಸಸ್ ಮುಗಿಯಲಿ. ಇದು ಯಾಕೆ ಬೇಕು ನಿಮಗೆ, ಯಾವ ಸೈಟಿನ ಮೇಲೆ ಕಣ್ಣು ಅಂತ ಒಬ್ಬ ಕೇಸ್ ವರ್ಕರ್ ನೇರವಾಗಿಯೇ ಕೇಳಿದರು. ಅಂಗಡಿಗೆ ಬೀಗ ಹಾಕಿ ನಿಮ್ಮ ವರಾಂಡದ ಬೆಂಚಿನ ಮೇಲೆ ಕೂತು ಎಷ್ಟು ಗಿರಾಕಿ ಕಳೆದುಕೊಂಡೆನೋ, ಎದುರಿನ ಸೈಬರ್ ಸೆಂಟರ್‌ನವನಿಗೆ ಗೊತ್ತು, ಅವನು ಎರಡನೇ ಜೆರಾಕ್ಸ್ ಮೆಷಿನ್ ತಂದಿದ್ದು ಆಗಲೇ. ಕೊನೆಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿದೆ. ಹಿಂಬರಹ ಬಂತು: 'ಕೋರಿರುವ ಕಡತಗಳು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.' ಎಲ್ಲಿ ಹೋದವು ಅಂತ ಅದರಲ್ಲಿ ಇರಲಿಲ್ಲ.

ಎಲ್ಲಿ ಹೋದವು ಅಂತ ಗುಜರಿ ಅಂಗಡಿಯವರು ಹೇಳಿದರು.

ನೀವು ಹೊಸ ಕಟ್ಟಡಕ್ಕೆ ಹೋದಿರಲ್ಲ, ಮಾವಿನ ತೋರಣ, ರಿಬ್ಬನ್ನು, ಶಾಸಕರು, ಎಲ್ಲಾ ಆಯಿತಲ್ಲ, ಅದರ ಮರುವಾರ. ಫೋನ್ ಬಂತು. ಸಾರ್, ನಿಮಗೆ ಬೇಕಾದಂಥದ್ದು ಒಂದು ಟ್ರ್ಯಾಕ್ಟರ್ ಬಂದಿದೆ, ಬೇಗ ಬನ್ನಿ, ಸಂಜೆ ಲೋಡ್ ಹೋಗುತ್ತೆ ಅಂತ. ಹೋಗಿ ನೋಡಿದರೆ ಮುರಿದ ಕುರ್ಚಿ, ಸುಟ್ಟ ಟ್ಯೂಬ್‌ಲೈಟು, ಅವುಗಳ ಕೆಳಗೆ ದಪ್ಪ ರಟ್ಟಿನ ರಿಜಿಸ್ಟರ್‌ಗಳು. ಕೆಲವಕ್ಕೆ ಆಗಲೇ ರಟ್ಟು ಕಿತ್ತಿದ್ದರು, ರಟ್ಟಿನ ರೇಟೇ ಬೇರೆಯಂತೆ. ಕಿಲೋಗೆ 14 ರೂಪಾಯಿ ಕೊಟ್ಟು, ಕೈಲಿದ್ದಷ್ಟು ದುಡ್ಡಿಗೆ ಬಂದಷ್ಟು ತೂಗಿಸಿಕೊಂಡೆ. ಗೂಡ್ಸ್ ಆಟೋ ಬಾಡಿಗೆಗೆ ಮನೆಯವಳ ಹತ್ತಿರ ಕೇಳಿದೆ. ಉಳಿದದ್ದು ಅದೇ ಸಂಜೆ ಪೇಪರ್ ಮಿಲ್ಲಿಗೆ ಹೋಯಿತು. ಅದರಲ್ಲಿ ಏನೇನಿತ್ತು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಯಾಕೆಂದರೆ ಪಟ್ಟಿಯನ್ನೇ ಮಾಡಿಲ್ಲ.

ಉಳಿಸಿಕೊಂಡಿದ್ದರಲ್ಲಿ ಒಂದು ಮರಣ ರಿಜಿಸ್ಟರ್ ಇದೆ, 1918ರದ್ದು. ಇನ್‌ಫ್ಲುಯೆಂಜಾ ಬಂದ ವರ್ಷ. ಕಾಯಿಲೆ ಕಾಲಂನಲ್ಲಿ ಜ್ವರ, ಕೆಳಗೆ ಅದೇ ಅಂತ ಎರಡು ಗೀಟು, ಪುಟದ ಕೊನೆಯವರೆಗೂ ಬರೀ ಗೀಟು. ಬರೆದ ಗುಮಾಸ್ತರ ಕೈಬರಹ ಅಕ್ಟೋಬರ್ ಆದಮೇಲೆ ಬದಲಾಗುತ್ತದೆ. ಅವರಿಗೆ ಏನಾಯಿತೋ. ಇನ್ನೊಂದು ಮನೆ ಕಂದಾಯದ್ದು. ಯಾವ ಮನೆ ಹುಲ್ಲಿನದು, ಯಾವುದು ನಾಡಹೆಂಚು, ಯಾವುದಕ್ಕೆ ಮಂಗಳೂರು ಹೆಂಚು ಬಂತು ಅಂತ ವರ್ಷವಾರು ಇದೆ. ಊರು ಹಣ ಕಂಡದ್ದು ಯಾವಾಗ, ಯಾರ ಬೀದಿ ಮಾತ್ರ ಕಂಡಿತು, ಆ ಒಂದು ಕಾಲಂ ಸಾಕು. ಇವುಗಳಲ್ಲಿ ಜಾತಿ ಬರೆದ ಕಾಲಂ ಕೂಡ ಇದೆ. ಅದನ್ನು ಮುಚ್ಚಿಯೇ ಫೋಟೋ ಹಾಕುತ್ತೇನೆ. ಜಗಳ ಹಚ್ಚುವುದಕ್ಕೆ ನಮ್ಮೂರಿನಲ್ಲಿ ಬೇರೆಯವರಿದ್ದಾರೆ.

ಆ ಫೋಟೋ ಹಾಕಿದ್ದಕ್ಕೇ ನಿಮ್ಮ ನೋಟಿಸ್ ಬಂತು. ಟ್ರ್ಯಾಕ್ಟರ್‌ನಲ್ಲಿ ಹೋಗುವಾಗ ಅದು ಕಸ. ನನ್ನ ಅಟ್ಟ ಹತ್ತಿದ ಮೇಲೆ ಸರ್ಕಾರಿ ದಾಖಲೆ. ಅಲ್ವಾ ಸಾರ್?

ನಿಯಮ ನಿಮಗೆ ನಾನು ಹೇಳಿಕೊಡುವುದೇನಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಕಲಂ ತೆಗೆದರೆ ಮೊದಲ ಮಾತೇ ಅದು: ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ ಇಡಬೇಕು. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯಲ್ಲಿ ನಿಯಮ ಮೀರಿ ದಾಖಲೆ ನಾಶ ಮಾಡಿದರೆ ಐದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ನಮ್ಮ ರಾಜ್ಯಕ್ಕೂ 2010ರಲ್ಲಿ ಸಾರ್ವಜನಿಕ ದಾಖಲೆಗಳದ್ದೇ ಒಂದು ಕಾಯ್ದೆ ಆಗಿದೆ. ಹಳೇ ದಾಖಲೆ ಕಾಪಾಡುವುದಕ್ಕೇ ರಾಜ್ಯ ಪತ್ರಾಗಾರ ಇಲಾಖೆ ಅಂತ ಒಂದಿದೆ, ವಿಧಾನಸೌಧದಲ್ಲೇ ಇದೆ, ಒಂದು ಫೋನ್ ಸಾಕಿತ್ತು. ಕಂದಾಯ ಇಲಾಖೆಯವರು ಭೂ ಸುರಕ್ಷಾ ಅಂತ ತಾಲ್ಲೂಕು ಕಚೇರಿಗಳಲ್ಲಿ ಹಳೇ ಕಾಗದ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಜಮೀನಿನ ಕಾಗದಕ್ಕೆ ಇರುವ ಬೆಲೆ ಜನರ ಕಾಗದಕ್ಕೆ ಇಲ್ಲ, ಇರಲಿ.

ಇನ್ನು ದುಡ್ಡಿಲ್ಲ ಅನ್ನಬೇಡಿ. ನನ್ನ ಅಂಗಡಿಯ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ಪ್ರತಿ ವರ್ಷ ಕಟ್ಟುತ್ತಿದ್ದೇನೆ, ತೆರಿಗೆಯ ಮೇಲೆ ನೂರಕ್ಕೆ ಆರು. ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಈಗ ಇರುವುದು ಹಳೇ ಫ್ಲೆಕ್ಸ್ ಮತ್ತು ಬ್ಲೀಚಿಂಗ್ ಪೌಡರ್ ಮೂಟೆ. ಆ ಕೋಣೆ ಖಾಲಿ ಮಾಡಿಸಿಕೊಡಿ. ಎರಡು ಕಬ್ಬಿಣದ ಬೀರು, ಒಂದು ಮೇಜು. ಸ್ಕ್ಯಾನ್ ಮಾಡಲು ನಾನಿದ್ದೇನೆ, ಕಾಲೇಜಿನ ಇಬ್ಬರು ಹುಡುಗಿಯರಿದ್ದಾರೆ, ಹೆಸರು ಗುರುತಿಸಲು ರಿಟೈರ್ಡ್ ಮೇಷ್ಟ್ರು ಇದ್ದಾರೆ. ಅವರಿಗೆ ಎಂಬತ್ತು ದಾಟಿದೆ, ನಿಮ್ಮ ಮುಂದಿನ ಸಾಮಾನ್ಯ ಸಭೆಯ ತೀರ್ಮಾನಕ್ಕೆ ಕಾಯುವಷ್ಟು ಪುರುಸೊತ್ತು ಅವರಿಗಿಲ್ಲ.

ನೋಟಿಸ್ ಬಂದ ಮರುದಿನವೇ ನಾನು ನಿಮ್ಮ ಕಚೇರಿಗೆ ಬಂದಿದ್ದೆ. ಎಲ್ಲಾ ಪುಸ್ತಕ ವಾಪಸ್ ಕೊಡುತ್ತೇನೆ, ಪಟ್ಟಿ ಮಾಡಿ ತಂದಿದ್ದೇನೆ, ಸ್ವೀಕೃತಿ ಕೊಡಿ ಅಂದೆ. ಸ್ವೀಕೃತಿ ಕೊಡಲು ಬರುವುದಿಲ್ಲ ಅಂದರು ನಿಮ್ಮ ಮ್ಯಾನೇಜರ್. ಯಾಕೆ ಸಾರ್ ಅಂದೆ. ಸ್ವೀಕೃತಿ ಕೊಟ್ಟರೆ ಪುಸ್ತಕ ಇಲ್ಲಿಂದ ಹೊರಗೆ ಹೋಗಿತ್ತು ಅಂತ ಆಗುತ್ತದಲ್ಲ, ಸುಮ್ನೆ ತಂದು ಇಟ್ಟು ಹೋಗಿ ಅಂದರು. ಸುಮ್ನೆ ಇಟ್ಟು ಹೋದರೆ ಇನ್ನೊಂದು ಟ್ರ್ಯಾಕ್ಟರ್ ಬರುತ್ತದೆ. ಮನೆಯಲ್ಲೂ ಇಡುವ ಹಾಗಿಲ್ಲ. ಅಟ್ಟದಿಂದ ಉದುರುವ ಧೂಳಿಗೆ ನನ್ನ ಕೆಮ್ಮು ಹೆಚ್ಚಾಗಿದೆ, ಜಿರಲೆಯ ಕಾಟಕ್ಕೆ ಮನೆಯವಳು ಮಾತು ಬಿಟ್ಟಿದ್ದಾಳೆ, ಮಳೆ ಬಂದರೆ ಮೊದಲು ಮಕ್ಕಳ ಪುಸ್ತಕ ಎತ್ತಿಡಬೇಕಾ ಊರಿನ ಪುಸ್ತಕ ಎತ್ತಿಡಬೇಕಾ ಅಂತ ನಮ್ಮಲ್ಲಿ ಜಗಳ.

ಆದ್ದರಿಂದ ಮತ್ತೆ ಕೇಳುತ್ತೇನೆ. ಸ್ವೀಕೃತಿ ಕೊಡಿ. ಗ್ರಂಥಾಲಯದ ಕೋಣೆ ಕೊಡಿ. ಇನ್ನೂ ನಿಮ್ಮ ಹಳೇ ಕಟ್ಟಡದಲ್ಲಿ ಏನಾದರೂ ಉಳಿದಿದ್ದರೆ ಅದರ ಪಟ್ಟಿ ಮಾಡಿಸಿ, ಪಟ್ಟಿ ಆಗುವವರೆಗೆ ಒಂದು ಹಾಳೆಯನ್ನೂ ಹೊರಗೆ ಬಿಡಬೇಡಿ. ಸ್ವೀಕೃತಿಯಲ್ಲಿ ಪುಸ್ತಕದ ಹೆಸರು, ವರ್ಷ, ಪುಟ ಸಂಖ್ಯೆ ಇರಬೇಕು, ಸೀಲು ಇರಬೇಕು, ನಿಮ್ಮ ಸಹಿ ಇರಬೇಕು. ಅದು ಕೈಗೆ ಬಂದ ದಿನವೇ ಎಲ್ಲವನ್ನೂ ಇಳಿಸಿಕೊಡುತ್ತೇನೆ. ಗುಜರಿಗೆ ಕೊಟ್ಟ ದುಡ್ಡು ನಿಮ್ಮಿಂದ ಕೇಳುವುದಿಲ್ಲ. ಆಟೋ ಬಾಡಿಗೆ ಮಾತ್ರ ಈ ಸಲ ಪುರಸಭೆಯದ್ದು.

ಇತಿ,
ಬಸ್ ಸ್ಟ್ಯಾಂಡ್ ಹಿಂದಿನ ಸ್ಟುಡಿಯೋದವನು