ವಿದೇಶಿಯರಿಗೆ ಬೈಕ್ ಮಾರುವವರೇ, ಮೊದಲು ಆರ್‌ಸಿ ಬದಲಾಯಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಗೋಕರ್ಣ, ಹಂಪಿ ಕಡೆಗೆ ವಿದೇಶಿ ಪ್ರವಾಸಿಗರು ಬರತೊಡಗಿದಂತೆ ಹಳೆಯ ಬುಲೆಟ್ ಬೈಕ್‌ಗಳ ಮಾರಾಟವೂ ಜೋರಾಗುತ್ತದೆ. ಹಣ ಕೊಟ್ಟು ಕೀಲಿ ಪಡೆದು, ಆರ್‌ಸಿ (ನೋಂದಣಿ ಪತ್ರ) ಜತೆಗೆ ಮಾಲೀಕರು ಸಹಿ ಮಾಡಿದ, ಮಾಲೀಕತ್ವ ವರ್ಗಾವಣೆಯ ಖಾಲಿ 29, 30ರ ಫಾರಂಗಳನ್ನು ಇಟ್ಟುಕೊಂಡು ಹೊರಟುಬಿಡುವುದು ರೂಢಿಯಾಗಿದೆ. ತಮ್ಮ ದೇಶಕ್ಕೆ ಮರಳುವಾಗ ಅದೇ ಕಾಗದಗಳ ಸಮೇತ ಬೈಕನ್ನು ಇನ್ನೊಬ್ಬ ಪ್ರವಾಸಿಗೆ ದಾಟಿಸುತ್ತಾರೆ. ಎಷ್ಟು ಕೈ ದಾಟಿದರೂ ಸಾರಿಗೆ ಇಲಾಖೆಯ ದಾಖಲೆಯಲ್ಲಿ ಮಾಲೀಕರು ನಮ್ಮೂರಿನವರೇ. ಇದರಲ್ಲಿರುವ ಅಪಾಯ ಮಾರುವ ಅನೇಕರಿಗೆ ತಿಳಿದಿಲ್ಲ.

ಮೋಟಾರು ವಾಹನ ಕಾಯ್ದೆಯ ಕಲಂ 2(30)ರ ಪ್ರಕಾರ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಹಲವು ಕೈ ದಾಟಿದ್ದ ಕಾರೊಂದರ ಅಪಘಾತ ಪ್ರಕರಣದಲ್ಲಿ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದು, ಕಾರನ್ನು ಎಂದೋ ಮಾರಿದ್ದರೂ ದಾಖಲೆಯಲ್ಲಿ ಹೆಸರು ಉಳಿದಿದ್ದವರ ಮೇಲೆಯೇ ಪರಿಹಾರದ ಹೊಣೆ ಹೊರಿಸಿತು. ವಿಮೆ ಚಾಲ್ತಿಯಲ್ಲಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಓಡಿಸಿದವರಿಗೆ ಪರವಾನಗಿ ಇಲ್ಲದಿದ್ದರೆ ವಿಮಾ ಕಂಪನಿಯು ಗಾಯಾಳುವಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ನ್ಯಾಯಮಂಡಳಿಗಳು ಅವಕಾಶ ಕೊಡುವುದುಂಟು. ಅಷ್ಟು ಹೊತ್ತಿಗೆ ಓಡಿಸಿದವರು ದೇಶ ಬಿಟ್ಟಿರುತ್ತಾರೆ. ಛಾಪಾ ಕಾಗದದ ಮೇಲೆ ಬರೆಸಿಕೊಂಡ ಕರಾರು ಇಲ್ಲಿ ಕಾಪಾಡದು.

ಆದ್ದರಿಂದ ಬೆಲೆ ಮಾತಾಡುವ ಮೊದಲೇ ಕೊಳ್ಳುವವರ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನೋಡಿ. ಅದರಲ್ಲಿ ಮೋಟಾರ್ ಸೈಕಲ್‌ನ ‘ಎ’ ವರ್ಗಕ್ಕೆ ಮುದ್ರೆ ಬಿದ್ದಿರಬೇಕು. ಬರೀ ‘ಬಿ’ ಇದ್ದರೆ ಅದು ಕಾರಿಗೆ ಮಾತ್ರ. 1949ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದಂತೆ ಕೊಟ್ಟ ಪರವಾನಗಿ ಪುಸ್ತಿಕೆಗೆ ಒಂದೇ ವರ್ಷದ ಆಯಸ್ಸು, ಜತೆಗೆ ಅವರ ದೇಶದ ಮೂಲ ಪರವಾನಗಿಯೂ ಇರಬೇಕು. ಪರವಾನಗಿ ಇಲ್ಲದವರಿಗೆ ಬೈಕ್ ಕೊಟ್ಟರೆ ಕಾಯ್ದೆಯಲ್ಲಿ ಮಾಲೀಕರಿಗೇ 5,000 ರೂಪಾಯಿ ದಂಡವಿದೆ.

ಬಳಿಕ ಬೈಕಿನ ಕಾಗದಗಳು. ಎಂ-ಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿ ಆರ್‌ಸಿ ಅವಧಿ, ವಿಮೆ, ಸಾಲದ ನಮೂದು, ಬಾಕಿ ದಂಡ ಇವನ್ನು ನೋಡಿಕೊಳ್ಳಬೇಕು. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಕೊಟ್ಟು ತೆಗೆಸದೆ ವರ್ಗಾವಣೆ ಆಗದು. 15 ವರ್ಷ ದಾಟಿದ ಬುಲೆಟ್‌ಗೆ ಫಾರಂ 25ರಲ್ಲಿ ಅರ್ಜಿ ಹಾಕಿ ನೋಂದಣಿ ನವೀಕರಿಸಬೇಕು. 2019ರ ಏಪ್ರಿಲ್‌ಗೂ ಹಿಂದಿನ ಬೈಕಾದರೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಫಲಕ ಹಾಕಿಸಿಕೊಳ್ಳಿ. ಹಳೆಯ ಬುಲೆಟ್‌ಗಳಲ್ಲಿ ಹೆಚ್ಚು ತೊಡಕಾಗುವುದು ಎಂಜಿನ್ ಸಂಖ್ಯೆಯಿಂದ. 350 ಸಿಸಿ ಆರ್‌ಸಿ ಇರುವ ಬೈಕಿಗೆ ಬೇರೆ ಕಡೆಯಿಂದ ತಂದ 500ರ ಎಂಜಿನ್ ಕೂರಿಸಿ, ಅದನ್ನು ಆರ್‌ಸಿಯಲ್ಲಿ ನಮೂದಿಸದೆ ಬಿಟ್ಟಿರುತ್ತಾರೆ. ಎಂಜಿನ್, ಚಾಸಿಸ್ ಸಂಖ್ಯೆಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಗೆ ಹೋಲಿಸಿ. ಒಂದಂಕಿ ತಪ್ಪಿದರೂ ಕಡತ ಅಲ್ಲೇ ನಿಲ್ಲುತ್ತದೆ. ದೆಹಲಿಯ ಕರೋಲ್ ಬಾಗ್‌ನಲ್ಲಿ ಕೊಂಡು ಇಲ್ಲಿಯವರೆಗೆ ಓಡಿಸಿಕೊಂಡು ಬಂದ ಬೈಕ್ ಮಾರಾಟಕ್ಕೆ ಬಂದರೆ ಇನ್ನಷ್ಟು ಎಚ್ಚರ ಬೇಕು. ಅಲ್ಲಿನ ಕಚೇರಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ, ಫಾರಂ 28) ಇಲ್ಲದೆ ಇಲ್ಲಿ ಹೆಸರು ಬದಲಾಗದು.

ವರ್ಗಾವಣೆಗೆ ಬೇಕಾಗುವುದು ಫಾರಂ 29 ಎರಡು ಪ್ರತಿ, ಫಾರಂ 30, ಮೂಲ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಕೊಳ್ಳುವವರ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಭಾವಚಿತ್ರ, ಪ್ಯಾನ್ ಬದಲಿಗೆ ಫಾರಂ 60, ಮತ್ತು ಸ್ಥಳೀಯ ವಿಳಾಸದ ದಾಖಲೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ವಿಮೆಯ ಹೆಸರು ಬದಲಾವಣೆಗೂ ಕೊಂಡವರಿಗೆ 14 ದಿನವೇ. ಅರ್ಜಿಯ ಒಟಿಪಿ ದಾಖಲೆಯಲ್ಲಿರುವ ಮಾಲೀಕರ ಮೊಬೈಲ್‌ಗೆ ಬರುತ್ತದೆ, ಹಾಗಾಗಿ ಹಳೆಯ ಸಂಖ್ಯೆಯಿದ್ದರೆ ಮೊದಲು ಅದನ್ನು ಸರಿಪಡಿಸಿ. ವಿದೇಶಿ ಪ್ರವಾಸಿಗರಿಗೆ ಸಾಮಾನ್ಯವಾಗಿ ಆಧಾರ್ ಇರುವುದಿಲ್ಲವಾದ್ದರಿಂದ ಮನೆಯಲ್ಲೇ ಕೂತು ಮುಗಿಸುವ ಕೆಲಸವಲ್ಲ, ಇಬ್ಬರೂ ಕಚೇರಿಗೆ ಹೋಗುವುದೇ ಒಳ್ಳೆಯದು.

ಗಂಟು ಬೀಳುವುದು ವಿಳಾಸದಲ್ಲಿ. ಪಾಸ್‌ಪೋರ್ಟ್‌ನಲ್ಲಿ ವಿಳಾಸವಿದ್ದರೂ ಅದು ವಿದೇಶದ್ದು. ಕಾಯ್ದೆ ಕೇಳುವುದು ವಾಹನವನ್ನು ಇಟ್ಟುಕೊಳ್ಳುವ ಕಡೆಯ ವಾಸಸ್ಥಳವನ್ನು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ವಸತಿಗೃಹದವರು ಸರ್ಕಾರಕ್ಕೆ ವಿವರ ಸಲ್ಲಿಸಲೇಬೇಕು, ಅಂದರೆ ತಂಗಿರುವ ಜಾಗಕ್ಕೆ ಸರ್ಕಾರದ ಬಳಿಯೇ ದಾಖಲೆಯಿದೆ. ಆ ವಿವರ ಸಲ್ಲಿಸಿದ್ದರ ಸ್ವೀಕೃತಿ ಪತ್ರ ಸಾಕೇ, ನೋಂದಾಯಿತ ಬಾಡಿಗೆ ಕರಾರು ಬೇಕೇ, ವೀಸಾ ಎಷ್ಟು ದಿನ ಉಳಿದಿರಬೇಕು ಎಂಬುದನ್ನು ಸಾರಿಗೆ ಇಲಾಖೆ ಸುತ್ತೋಲೆ ಹೊರಡಿಸಿ, ಎಲ್ಲ ಆರ್‌ಟಿಒ ಕಚೇರಿಗಳಲ್ಲೂ ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಅಂಟಿಸಬೇಕೆಂದು ಒತ್ತಾಯಿಸುತ್ತೇವೆ. ಸರಿಯಾದ ದಾರಿ ಕಾಣದಿದ್ದಾಗಲೇ ಜನ ಖಾಲಿ ಫಾರಂಗೆ ಸಹಿ ಹಾಕುವುದು.

30 ದಿನದ ಇ-ವೀಸಾದಲ್ಲಿ ಬಂದವರಿಗೆ ಮಾರುವುದನ್ನೇ ಬಿಡಿ. ಅಷ್ಟರಲ್ಲಿ ಹೆಸರು ಬದಲಾಗಿ, ಹೋಗುವಾಗ ಮತ್ತೆ ಮಾರಿ, ಇನ್ನೊಮ್ಮೆ ಬದಲಾಯಿಸುವುದು ಆಗದ ಮಾತು. ಅವರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ, ಅನುಮತಿ ಪಡೆದ ಬಾಡಿಗೆ ಬೈಕ್ ತೋರಿಸಿ.

ಈಗಾಗಲೇ ಖಾಲಿ ಸಹಿ ಹಾಕಿ ಮಾರಿದವರು ಫಾರಂ 29ನ್ನು, ಕೊಂಡವರ ಪಾಸ್‌ಪೋರ್ಟ್ ಪ್ರತಿಯೊಂದಿಗೆ ನೋಂದಣಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇದರಿಂದ ಹೊಣೆ ಪೂರ್ತಿ ಕಳಚದಿದ್ದರೂ ಬೈಕ್ ಯಾರ ಕೈಗೆ, ಯಾವ ದಿನ ಹೋಯಿತು ಎಂಬುದು ದಾಖಲಾಗುತ್ತದೆ.

– ದ್ವಿಚಕ್ರ ವಾಹನ ದುರಸ್ತಿಗಾರರು ಮತ್ತು ಹಳೆ ಬೈಕ್ ಮಾರಾಟಗಾರರು, ಕುಮಟಾ