ರೂಮ್ ಹೀಟರ್‌ಗೆ ಎಕ್ಸ್‌ಟೆನ್ಷನ್ ಬೋರ್ಡ್ ಬೇಡ

ಮಾನ್ಯರೇ,

ಬೀದರ್ ಕಡೆಯ ಚಳಿಗೆ ಈಗ ಹಲವರ ಮನೆಗೆ ರೂಮ್ ಹೀಟರ್ ಬಂದಿದೆ. ಆದರೆ ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬೋರ್ಡಿಗೇ ಅದನ್ನೂ ಸಿಕ್ಕಿಸುವುದನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. 2000 ವಾಟ್‌ನ ಹೀಟರ್ ಸುಮಾರು 9 ಆಂಪಿಯರ್ ಕರೆಂಟ್ ಎಳೆಯುತ್ತದೆ. 6 ಆಂಪಿಯರ್‌ನ ಬೋರ್ಡ್ ಅದನ್ನು ತಾಳದು. ಪ್ಲಗ್ಗಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮುಟ್ಟಿದಾಗ ಬಿಸಿ ತಾಗಿದರೆ ತಕ್ಷಣ ಬಳಕೆ ನಿಲ್ಲಿಸಬೇಕು. ಗೋಡೆಯ 16 ಆಂಪಿಯರ್ ಸಾಕೆಟ್ಟೇ ಸರಿ. ಹೀಟರನ್ನು ಹಾಸಿಗೆ, ಪರದೆಯಿಂದ ಮೂರಡಿ ದೂರವಿಡಿ. ಒದ್ದೆ ಬಟ್ಟೆಯನ್ನಂತೂ ಅದರ ಮೇಲೆ ಹರವಲೇಬೇಡಿ. ಮಲಗುವ ಮುನ್ನ ಆರಿಸಿ.

ಕೋಣೆ ಮುಚ್ಚಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುವುದು ಇನ್ನೂ ಅಪಾಯ. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಹೀಟರ್ ಮಾರುವ ಅಂಗಡಿಯವರು ಗಿರಾಕಿಗಳಿಗೆ ಇಷ್ಟನ್ನು ಬಾಯಿಮಾತಿನಲ್ಲಾದರೂ ಹೇಳಿ ಕಳಿಸಲಿ.

— ಓದುಗ, ಬೀದರ್